ಐದು ವರ್ಷದ ಲೆಕ್ಕ ಯಾವತ್ತಿಂದ ಶುರು?

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನಮ್ಮಪ್ಪನಿಗೆ 62 ವರ್ಷ, ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್ ಅಂತ ಅದರ ತಲೆಭಾಗ ತೆಗೆಯೋ ವಿಪ್ಪಲ್ ಆಪರೇಷನ್ ಆಗಿ 14 ತಿಂಗಳಾಯ್ತು, ಆರು ತಿಂಗಳು ಕೀಮೋನೂ ಮುಗೀತು, ಲಾಸ್ಟ್ ಸ್ಕ್ಯಾನ್ ಕ್ಲಿಯರ್ ಇದೆ. ತಮ್ಮ ನೆಟ್ಟಲ್ಲಿ ನೋಡಿ ಐದು ವರ್ಷ ಬದುಕೋರು ನೂರಕ್ಕೆ ಹತ್ತು-ಹನ್ನೆರಡು ಜನ ಅಂತಾನೆ, ನಾನು ನೋಡಿದ್ರಲ್ಲಿ 43 ಅಂತಿತ್ತು. ಯಾವುದನ್ನ ನಂಬೋದು? ತೂಕ ಬೇರೆ ಇಳೀತಾನೇ ಇದೆ, ಅದಕ್ಕೆ ಭಯ.
– ಹೆಸರು ಬೇಡ, ದಾವಣಗೆರೆ

ಉತ್ತರ: ಎರಡೂ ನಿಜಾನೇ ಕಣಮ್ಮಾ, ಎಣಿಸಿರೋ ಜನ ಬೇರೆ ಅಷ್ಟೇ. ತಮ್ಮ ಹೇಳೋದು ಎಲ್ಲಾ ಸ್ಟೇಜಿನೋರನ್ನೂ ಒಟ್ಟಿಗೆ ಹಾಕಿದ ಲೆಕ್ಕ, ಈ ಕಾಯಿಲೆ ಗೊತ್ತಾಗೋ ಹೊತ್ತಿಗೆ ಆಪರೇಷನ್ನಿಗೆ ಆಗೋ ಹಾಗಿರೋರು ನೂರಕ್ಕೆ 15-20 ಜನ ಮಾತ್ರ, ಮಿಕ್ಕವರೂ ಅದ್ರಲ್ಲಿ ಸೇರಿದ್ದಾರೆ. ನಿಮ್ಮ 43 ಫ್ರಾನ್ಸ್-ಕೆನಡಾದ ಟ್ರಯಲ್‌ದು. ಅಲ್ಲಿ ಫೋಲ್ಫಿರಿನಾಕ್ಸ್ ಕೀಮೋ ತಗೊಂಡೋರಲ್ಲಿ 43, ಜೆಮ್ಸಿಟಾಬಿನ್ ಅನ್ನೋ ಕೀಮೋ ತಗೊಂಡೋರಲ್ಲಿ 31. ಆದ್ರೆ ಆಪರೇಷನ್ ಆಗಿ 12 ವಾರದೊಳಗೆ ಚೇತರಿಸ್ಕೊಂಡು, ಸ್ಕ್ಯಾನಲ್ಲಿ ಏನೂ ಕಾಣದೆ, ಓಡಾಡ್ಕೊಂಡು ಇದ್ದೋರನ್ನ ಮಾತ್ರ ಅದಕ್ಕೆ ಸೇರಿಸ್ಕೊಂಡಿದ್ರು, ಐದು ವರ್ಷದ ಗಡಿಯಾರ ಶುರುವಾಗಿದ್ದೂ ಹಾಗೆ ಸೇರಿಸ್ಕೊಂಡ ದಿನದಿಂದಾನೇ, ಆಪರೇಷನ್ ದಿನದಿಂದಲ್ಲ. ಆಪರೇಷನ್ ಆದ್ಮೇಲೆ ಹಾಸಿಗೆ ಹಿಡಿದೋರು ಆ ಲೆಕ್ಕಕ್ಕೇ ಬರಲ್ಲ.

ಇನ್ನೊಂದು, ಕಾಯಿಲೆ ಯಾವ ಜಾತೀದು ಅನ್ನೋದು. ಸ್ಟೀವ್ ಜಾಬ್ಸ್ 2004ರಲ್ಲಿ ಆಪರೇಷನ್ ಮಾಡಿಸ್ಕೊಂಡು 2011ರವರೆಗೂ ಇದ್ರಲ್ಲ ಸಾರ್ ಅಂತ ಕೇಳೋರು ಬಹಳ ಜನ, ಅವ್ರದ್ದು ನ್ಯೂರೋಎಂಡೋಕ್ರೈನ್ ಗೆಡ್ಡೆ, ಹಾರ್ಮೋನ್ ಮಾಡೋ ಕೋಶಗಳಲ್ಲಿ ಹುಟ್ಟಿ ನಿಧಾನಕ್ಕೆ ಬೆಳೆಯೋದು, ಹೋಲಿಸೋ ಹಾಗೇ ಇಲ್ಲ. ಫಿನ್‌ಲೆಂಡಲ್ಲಂತೂ ಐದು ವರ್ಷ ದಾಟಿದ್ದಾರೆ ಅಂತ ದಾಖಲೇಲಿದ್ದೋರ ಹಳೇ ಸ್ಲೈಡ್‌ಗಳನ್ನ ಮತ್ತೆ ನೋಡಿದಾಗ ಸುಮಾರು ಜನಕ್ಕೆ ಇದ್ದಿದ್ದು ಪ್ಯಾಂಕ್ರಿಯಾಸಿನ ಮಾಮೂಲಿ ಕ್ಯಾನ್ಸರೇ (ಅಡೆನೋಕಾರ್ಸಿನೋಮಾ) ಅಲ್ಲ ಅಂತ ಗೊತ್ತಾಯ್ತು, 2005ರಲ್ಲಿ ಅದು ಪ್ರಕಟ ಆಯ್ತು.

ಹಾಗಾಗಿ ನೆಟ್ಟು ಬಿಟ್ಟು ಆಪರೇಷನ್ನಲ್ಲಿ ಅಪ್ಪನಿಂದ ತೆಗೆದ ಭಾಗದ ಬಯಾಪ್ಸಿ ರಿಪೋರ್ಟ್ ತೆಗೀರಿ. ಅಡೆನೋಕಾರ್ಸಿನೋಮಾನಾ, ಕತ್ತರಿಸಿದ ಅಂಚು ಆರ್ ಝೀರೋನಾ (ಅಂಚಲ್ಲಿ ಕ್ಯಾನ್ಸರ್ ಇಲ್ಲ) ಆರ್ ಒನ್ನಾ (ಇದೆ), ನೋಡ್ಸ್ ಅಂದ್ರೆ ದುಗ್ಧ ಗ್ರಂಥಿಗಳು, ನೋಡಿದ್ದು ಎಷ್ಟು, ಅದ್ರಲ್ಲಿ ಕ್ಯಾನ್ಸರ್ ಇದ್ದಿದ್ದು ಎಷ್ಟು. 18ರಲ್ಲಿ ಸೊನ್ನೆ ಅಂದ್ರೆ ಅದಕ್ಕೊಂದು ಬೆಲೆ ಇದೆ, ನೋಡಿದ್ದೇ ನಾಲ್ಕು ಅದ್ರಲ್ಲಿ ಸೊನ್ನೆ ಅಂದ್ರೆ ನಾನು ನೆಮ್ಮದಿ ಪಡಲ್ಲ. ಸಿಎ 19-9 ಅನ್ನೋ ರಕ್ತಪರೀಕ್ಷೆಯ ಒಂದೇ ಸಲದ ನಂಬರ್ ಹಿಡ್ಕೊಂಡು ಕೂರಬೇಡಿ, ಏರ್ತಿದ್ಯಾ ಇಳೀತಿದ್ಯಾ ನೋಡಿ, ಕೆಲವರ ಮೈಲಿ ಆ ಅಂಶ ಹುಟ್ಟೋದೇ ಇಲ್ಲ.

ಮತ್ತೆ ಅಪ್ಪ ಈಗಾಗ್ಲೇ 14 ತಿಂಗಳು ದಾಟಿದ್ದಾರೆ. ಕಾಯಿಲೆ ಮರಳೋದು ಹೆಚ್ಚಾಗಿ ಮೊದಲ ಎರಡು ವರ್ಷದಲ್ಲಿ, ಹಾಗಾಗಿ ಏನೂ ಮರಳದೆ ಕಳೆದ ಒಂದೊಂದು ತಿಂಗಳಿಗೂ ಮುಂದಿನ ಅಂದಾಜು ಸುಧಾರಿಸ್ತಾ ಹೋಗುತ್ತೆ, ಆಪರೇಷನ್ ದಿನದ ಪರ್ಸೆಂಟೇಜ್ ಇವತ್ತಿಗೆ ಹೊಂದಲ್ಲ. ಐದು ವರ್ಷ ಆದ್ಮೇಲೂ ಮರಳಿರೋದುಂಟು, ಅದಕ್ಕೆ ಚೆಕಪ್ ಬಿಡಬೇಡಿ.

ತೂಕ ಇಳಿದ ತಕ್ಷಣ ಕ್ಯಾನ್ಸರ್ ಬಂತು ಅಂದ್ಕೋಬೇಡಿ, ಹಾಗಂತ ಸುಮ್ನಿರಲೂಬೇಡಿ, ಡಾಕ್ಟರಿಗೆ ಹೇಳಿ, ಶುಗರೂ ನೋಡಿಸಿ. ಮಲ ಎಣ್ಣೆಎಣ್ಣೆಯಾಗಿ ತೇಲ್ತಾ, ಎರಡು ಸಲ ನೀರು ಹಾಕಿದ್ರೂ ಹೋಗ್ತಿಲ್ವಾ ಅಂತ ಅಪ್ಪನ್ನ ಕೇಳಿ, ನಾಚ್ಕೊಳ್ತಾರೆ, ಆದ್ರೂ ಕೇಳಿ. ಹೌದು ಅಂದ್ರೆ ಕೊಬ್ಬು ಜೀರ್ಣ ಆಗ್ತಿಲ್ಲ ಅಂತ. ಅದಕ್ಕೆ ಜೀರ್ಣ ಮಾಡಿಸೋ ಎನ್ಜೈಮ್ ಕ್ಯಾಪ್ಸೂಲ್ ಬರೆದುಕೊಟ್ಟಿರ್ತಾರೆ, ನಮ್ಮಲ್ಲಿ ಸುಮಾರು ಜನ ಅದನ್ನ ಗ್ಯಾಸ್ ಮಾತ್ರೆ ಥರ ಊಟಕ್ಕೆ ಅರ್ಧ ಗಂಟೆ ಮುಂಚೆ ನುಂಗ್ತಾರೆ. ಮೊದಲ ತುತ್ತಿನ ಜೊತೆಗೇ ತಗೋಬೇಕು.