ಮಾತು ಬಿಟ್ಟ ಮನೆಯಲ್ಲಿ ಸಮಾಧಾನ

ಪ್ರಿಯ ಸಹೋದರಿಯವರೇ,

ತಾಯಿಯ ಆರೈಕೆಯ ವಿಷಯದಲ್ಲಿ ಮಾತಿಗೆ ಮಾತು ಬೆಳೆದು, ಒಂದೇ ಮನೆಯಲ್ಲಿದ್ದೂ ನೀವು ಮತ್ತು ನಿಮ್ಮ ಅಕ್ಕ ಆರು ತಿಂಗಳಿಂದ ಮಾತು ಬಿಟ್ಟಿದ್ದೀರಿ ಎಂದು ಬರೆದಿದ್ದೀರಿ. ‘ದೊಡ್ಡಮ್ಮನಿಗೆ ಹೇಳು, ಅಜ್ಜಿಯ ಮಾತ್ರೆ ಮುಗಿದಿದೆ’ ಎಂದು ಮಗಳ ಕೈಲಿ ಹೇಳಿ ಕಳುಹಿಸುವ ಸಾಲನ್ನು ಓದಿ ನನಗೆ ಬಹಳ ಸಂಕಟವಾಯಿತು. ಜಗಳವಾಡದೆ ಸುಮ್ಮನಿರುವುದೇ ಸಮಾಧಾನವಲ್ಲವೇ, ಮನಸ್ಸು ಹೀಗಿರುವಾಗ ‘ಯಾವಾಗಲೂ ಸಂತೋಷಿಸಿರಿ’ ಎಂಬ ಬೈಬಲಿನ ಮಾತನ್ನು ಪಾಲಿಸುವುದು ಹೇಗೆ ಎಂದು ಕೇಳಿದ್ದೀರಿ.

ಆ ಮಾತು ಎಲ್ಲಿ ಬಂದಿದೆಯೆಂದು ಮೊದಲು ನೋಡೋಣ. ಯೇಸುವಿನ ಅಪೊಸ್ತಲನಾದ ಪೌಲನು ಸೆರೆಯಲ್ಲಿದ್ದು ಫಿಲಿಪ್ಪಿ ಪಟ್ಟಣದ ಕ್ರೈಸ್ತ ಸಭೆಗೆ ಬರೆದ ಪತ್ರದ 4ನೆಯ ಅಧ್ಯಾಯದಲ್ಲಿ, ಈ ಕರೆಗೆ ಎರಡೇ ವಚನ ಮೊದಲು, ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಸ್ತ್ರೀಯರನ್ನು ಹೆಸರು ಹಿಡಿದು, ಕರ್ತನಲ್ಲಿ ಒಂದೇ ಮನಸ್ಸಿನವರಾಗಿರಿ ಎಂದು ಬೇಡಿಕೊಳ್ಳುತ್ತಾನೆ. ಅವರಿಬ್ಬರೂ ಸುವಾರ್ತೆಗಾಗಿ ತನ್ನೊಡನೆ ಶ್ರಮಪಟ್ಟವರೆಂದು ನೆನೆಯುತ್ತಾನೆ. ತಪ್ಪು ಯಾರದೆಂದು ಮಾತ್ರ ಬರೆಯುವುದಿಲ್ಲ. ಸಂತೋಷಿಸಿರಿ ಎಂಬ ಮಾತನ್ನು ಮೊದಲು ಕೇಳಿಸಿಕೊಂಡವರಲ್ಲಿ ನಿಮ್ಮ ಹಾಗೆಯೇ ಮನಸ್ಸು ಮುರಿದವರೂ ಇದ್ದರು. ಆ ಕರೆಯಲ್ಲಿ ‘ಕರ್ತನಲ್ಲಿ’ ಎಂಬ ಪದವೂ ಇದೆ; ಅಂದರೆ ಆ ಸಂತೋಷದ ನೆಲೆ ಪ್ರಭುವೇ. ಅಕ್ಕನ ಮುಖ ನೋಡಿ ಹುಟ್ಟುವ ಸಂತೋಷವಾಗಿದ್ದರೆ ಅದು ಅವರ ಮುಖ ಗಂಟಿಕ್ಕಿದೊಡನೆ ಹೋಗಿಬಿಡುತ್ತಿತ್ತು.

ಇನ್ನು ಮೌನದ ವಿಚಾರ. ಕನ್ನಡದಲ್ಲಿ ನಾವು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇವೆ; ಅದಕ್ಕೆ ಇನ್ನೊಬ್ಬರ ಬಳಿ ಹೋಗಬೇಕಿಲ್ಲ. ಆದರೆ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದಲ್ಲಿ ಯೇಸು, ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಎದ್ದು ಹೋಗಿ ಸಹೋದರನ ಸಂಗಡ ಒಂದಾಗಬೇಕೆಂದು ಹೇಳುತ್ತಾನೆ. ಅದೂ ನನಗೆ ಅವನ ಮೇಲೆ ದೂರಿರುವಾಗಲ್ಲ, ಅವನಿಗೆ ನನ್ನ ಮೇಲೆ ದೂರಿರುವುದು ನೆನಪಾದಾಗ. ನಿಮ್ಮ ಪತ್ರದಲ್ಲಿ ಅಕ್ಕನ ತಪ್ಪುಗಳೆಲ್ಲ ಇವೆ. ಅವರಿಗೆ ನಿಮ್ಮಿಂದಾದ ನೋವು ಯಾವುದೆಂಬುದು ಇಲ್ಲ. ದಯವಿಟ್ಟು ಅದನ್ನು ಯೋಚಿಸಿ ನೋಡಿ.

ನಾನೂ ಒಮ್ಮೆ ತಮ್ಮನ ಬಳಿ ಹೋಗಿ, ‘ನಿನಗೆ ಬೇಸರವಾಗಿದ್ದರೆ ಕ್ಷಮಿಸು’ ಎಂದಿದ್ದೆ. ಆ ‘ಆಗಿದ್ದರೆ’ ಎಂಬುದು ಗಾಯವನ್ನು ಮತ್ತೆ ಕೆದಕಿತು. ‘ಎಲ್ಲರೆದುರು ನಿನ್ನನ್ನು ಹಂಗಿಸಿದ್ದು ನನ್ನ ತಪ್ಪು’ ಎಂದು ಬಾಯಿ ಬಿಟ್ಟು ಹೇಳಿದ ಮೇಲೆಯೇ ಅವನು ಕೂತು ಮಾತನಾಡಿದ್ದು.

ಅಕ್ಕ ಉತ್ತರಿಸದಿದ್ದರೆ ಎಂಬ ನಿಮ್ಮ ಭಯ ನಿಜವಾದದ್ದೇ. ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಪೌಲನು ‘ಸಾಧ್ಯವಾದರೆ, ನಿಮ್ಮಿಂದಾಗುವ ಮಟ್ಟಿಗೆ’ ಎಲ್ಲರ ಸಂಗಡ ಸಮಾಧಾನದಿಂದಿರಿ ಎಂದೇ ಹೇಳಿರುವುದರಿಂದ, ಅವರ ಉತ್ತರದ ಭಾರ ನಿಮ್ಮ ಮೇಲಿಲ್ಲ. ಆರೈಕೆಯ ಕೆಲಸ ಹಂಚಿಕೆಯಾಗಬೇಕೆಂಬ ನ್ಯಾಯವಾದ ಮಾತನ್ನೂ ನೀವು ಬಿಡಬೇಕಿಲ್ಲ. ಅದನ್ನು ಇನ್ನೊಂದು ದಿನ ಆಡಬಹುದು. ಮುಂದಿನ ಸಲ ಮಾತ್ರೆ ಮುಗಿದಾಗ ಮಗಳನ್ನು ಕಳುಹಿಸಬೇಡಿ. ನೀವೇ ಎದ್ದು ಹೋಗಿ, ‘ಅಕ್ಕಾ’ ಎಂದು ಕರೆಯಿರಿ.