ನಿಮ್ಮ ಲೇಖನದಲ್ಲಿ ಸೈಕಲ್ ಎಲ್ಲಿ?

ನಮಸ್ಕಾರ. ಸೈಕಲ್ ಪ್ರವಾಸಕ್ಕೆ ಫಿಲ್ಮ್ ಕ್ಯಾಮೆರಾ ಒಳ್ಳೆಯದೋ ಡಿಜಿಟಲ್ ಒಳ್ಳೆಯದೋ ಎಂಬ ನಿಮ್ಮ ಲೇಖನ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ತಿದ್ದಿ ಕಳುಹಿಸಿದರೆ ಖಂಡಿತ ಮತ್ತೆ ಓದುತ್ತೇನೆ.

ಮೊದಲ ಎರಡು ಪುಟ ‘ಫಿಲ್ಮಿಗೆ ಆತ್ಮವಿದೆ’ ಎಂಬ ಮಾತಿನ ಸುತ್ತಲೇ ಗಿರಕಿ ಹೊಡೆಯುತ್ತವೆ. ಅಷ್ಟನ್ನೂ ತೆಗೆದುಹಾಕಿ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೊರಟವರು ನೀವು. ಕೈಮರ ದಾಟಿದ ಮೇಲಿನ ಏರಿನ ಬಗ್ಗೆ ಒಂದು ಸಾಲೂ ಇಲ್ಲ! ಏದುಸಿರು ಬಿಡುತ್ತಾ ಪೆಡಲ್ ತುಳಿಯುವವನ ಕ್ಯಾಮೆರಾ ಎಲ್ಲಿರುತ್ತದೆ? ಹಿಂದಿನ ಕ್ಯಾರಿಯರಿಗೆ ಕಟ್ಟಿದರೆ ಗುಂಡಿಗಳ ಪೆಟ್ಟಿಗೆ ಲೆನ್ಸಿನ ತಿರುಪುಗಳು ಸಡಿಲವಾಗುತ್ತವೆ. ಎದೆಗೆ ಕಟ್ಟಿಕೊಂಡರೆ ಬೆವರು. ಓದುಗನಿಗೆ ಬೇಕಾದದ್ದು ಇದು.

‘ಫಿಲ್ಮ್ ಕ್ಯಾಮೆರಾಕ್ಕೆ ಬ್ಯಾಟರಿಯ ಹಂಗಿಲ್ಲ’ ಎಂದು ಬರೆದಿದ್ದೀರಿ. 1976ರಲ್ಲಿ ಬಂದ ಪೆಂಟಾಕ್ಸ್ ಕೆ1000ಕ್ಕೆ ಈ ಮಾತು ಒಪ್ಪುತ್ತದೆ. ಬ್ಯಾಟರಿ ಮುಗಿದರೆ ಬೆಳಕು ಅಳೆಯುವ ಮೀಟರ್ ನಿಲ್ಲುತ್ತದೆ, ಫಿಲ್ಮಿಗೆ ಬೆಳಕು ಬಿಡುವ ಶಟರ್ ನಡೆಯುತ್ತದೆ. ಅದೇ ವರ್ಷದ ಕ್ಯಾನನ್ ಎಇ-1ರಲ್ಲಿ ಬ್ಯಾಟರಿ ಹೋದರೆ ಶಟರ್ ಮಿಸುಕುವುದೂ ಇಲ್ಲ. ನಿಮ್ಮನ್ನು ನಂಬಿ ಯಾರಾದರೂ ಅದನ್ನು ಕೊಂಡು ಬೆಟ್ಟ ಹತ್ತಿದರೆ ಬೈಗುಳ ಬರುವುದು ನನ್ನ ಮೇಜಿಗೆ.

ಲೇಖನಕ್ಕೆ ಜೀವ ಬಂದಿರುವುದು ಮಂಜಿನ ಪ್ಯಾರಾದಲ್ಲಿ. ಅಲ್ಲಿ ತೆಗೆದ ಚಿತ್ರಗಳೆಲ್ಲ ಮಂಕಾಗಿದ್ದವು, ರೋಲ್ ತೊಳೆಸಿದ ಮೇಲಷ್ಟೇ ಅದು ಗೊತ್ತಾಯಿತು ಎಂದಿದ್ದೀರಿ. ಆದರೆ ಕಾರಣ ಹೇಳಿಲ್ಲ. ಮೀಟರ್ ಬಿಳಿ ಮಂಜನ್ನೂ ಬೂದುಬಣ್ಣವೆಂದೇ ಲೆಕ್ಕ ಹಾಕಿ ಬೆಳಕನ್ನು ತಗ್ಗಿಸಿಬಿಡುತ್ತದೆ. ನಾವೇ ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡರಷ್ಟು ಬೆಳಕು ಕೊಡಬೇಕು. ಡಿಜಿಟಲ್ ಆಗಿದ್ದರೆ ಅಲ್ಲೇ ಪರದೆಯಲ್ಲಿ ನೋಡಿ ಸರಿಪಡಿಸುತ್ತಿದ್ದಿರಿ, ರೋಲಿನ 36 ಚಿತ್ರ ಮುಗಿಯುವವರೆಗೆ ಕಾಯಬೇಕಿರಲಿಲ್ಲ. ಇನ್ನೊಂದು ಮಗ್ಗುಲೂ ಇದೆ: ಬೆಳಕು ಒಂದೆರಡು ಸ್ಟಾಪ್ ಹೆಚ್ಚಾದರೂ ಕಲರ್ ನೆಗೆಟಿವ್ ಫಿಲ್ಮ್ ತಾಳಿಕೊಳ್ಳುತ್ತದೆ, ಡಿಜಿಟಲ್‌ನಲ್ಲಿ ಪೂರ್ತಿ ಬೆಳ್ಳಗಾದ ಆಕಾಶ ಮರಳಿ ಸಿಗದು. ವಾದವನ್ನು ಇಲ್ಲಿಂದ ಕಟ್ಟಿ, ಆತ್ಮದಿಂದಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಲೆನ್ಸಿಗೆ ಹಿಡಿಯುವ ಬೂಷ್ಟಿಗೆ ಒಂದು ಸಾಲು ಸಾಕು. ಅದು ಎರಡು ಬಗೆಯ ಕ್ಯಾಮೆರಾಗಳನ್ನೂ ಬಿಡುವುದಿಲ್ಲ. ಬೆಲೆಪಟ್ಟಿ ಬೇಡ, ಅಚ್ಚಾಗುವಷ್ಟರಲ್ಲಿ ಹಳತಾಗಿರುತ್ತದೆ.

ಕೊನೆಯಲ್ಲಿ ‘ಎರಡೂ ಒಳ್ಳೆಯವೇ’ ಎಂದು ಜಾರಿಕೊಂಡಿದ್ದೀರಿ. ಅದೇ ಏರಿಗೆ ಮತ್ತೆ ಹೊರಟರೆ ಯಾವುದನ್ನು ಒಯ್ಯುತ್ತೀರಿ, ಹೇಳಿ. 600 ಪದ ಮೀರಬೇಡಿ. ಮಂಕಾದ ಚಿತ್ರಗಳಲ್ಲಿ ಒಂದನ್ನು ಜೊತೆಗೆ ಕಳುಹಿಸಿ. ಲೇಖನದ ನಡುವೆ ಅದನ್ನೇ ಹಾಕೋಣ.