ಎರಡು ಆಂಪ್ ಸೇರಿಸಿದ ಮೇಲೆ ಸೌಂಡ್ ಯಾಕೆ ತೆಳುವಾಯ್ತು?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ನಿಮ್ಮ ಹತ್ತಿರ ಫೆಂಡರ್ ಕಂಪನಿಯದ್ದೊಂದು, ಮಾರ್ಷಲ್ ಕಂಪನಿಯದ್ದೊಂದು ಟ್ಯೂಬ್ ಆಂಪ್ (ವಾಲ್ವ್ ಇರುವ ಗಿಟಾರ್ ಆಂಪ್ಲಿಫೈಯರ್) ಇದೆ. ಸೌಂಡ್ ತುಂಬಿಕೊಂಡು ಬರಲಿ ಅಂತ ಒಂದು ತುದಿ ಎರಡಾಗಿ ಕವಲೊಡೆಯುವ ವೈ ಕೇಬಲ್ ಹಾಕಿ ಎರಡಕ್ಕೂ ಒಟ್ಟಿಗೆ ಗಿಟಾರ್ ಕೊಟ್ಟಿರಿ. ಆದರೆ ಒಂದೇ ಆಂಪ್ ಇದ್ದಾಗಿನದಕ್ಕಿಂತ ತೆಳುವಾಗಿದೆ, ಮೇಲಿಂದ ಗುಂಯ್ ಅನ್ನುವ ಸದ್ದು ಬೇರೆ. ಯಾವುದೋ ಒಂದು ಆಂಪ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ.

ಕೆಟ್ಟಿರಲಿಕ್ಕಿಲ್ಲ. ನನಗೂ ಮೊದಲ ಸಲ ಇದೇ ಗತಿ ಆಯ್ತು. ತಂತಿ ಬದಲಿಸಿದೆ, ಕೇಬಲ್ ಬದಲಿಸಿದೆ, ಎರಡು ವಾರ ಒದ್ದಾಡಿದೆ. ಕೊನೆಗೆ ನೋಡಿದರೆ ಎರಡೂ ಆಂಪ್ ಸರಿಯಾಗೇ ಇದ್ದವು. ಒಂದರ ಸ್ಪೀಕರ್ ಮುಂದೆ ತಳ್ಳುವ ಹೊತ್ತಿಗೆ ಇನ್ನೊಂದರದ್ದು ಹಿಂದೆ ಎಳೆಯುತ್ತಿತ್ತು, ಅಷ್ಟೇ. ಒಬ್ಬ ಕೊಟ್ಟ ಗಾಳಿಯನ್ನು ಇನ್ನೊಬ್ಬ ಕಿತ್ತುಕೊಂಡ ಹಾಗೆ. ಇದರಲ್ಲಿ ಮೊದಲು ಸಾಯುವುದು ದಪ್ಪ ತಂತಿಗಳ ಸ್ವರ.

ಹೀಗಾಗುವುದಕ್ಕೆ ಕಾರಣ ಸರಳ. ಟ್ಯೂಬ್ ಆಂಪಿನೊಳಗೆ ಸಿಗ್ನಲ್ ಸಾಮಾನ್ಯವಾಗಿ ಒಂದೊಂದು ಗೇನ್ ಸ್ಟೇಜ್ (ಸಿಗ್ನಲ್ ಹಿಗ್ಗಿಸುವ ಹಂತ) ದಾಟಿದಾಗಲೂ ತಲೆಕೆಳಗಾಗುತ್ತದೆ. ಒಂದು ಆಂಪಿನಲ್ಲಿ ಸಮಸಂಖ್ಯೆಯ ಸ್ಟೇಜ್, ಇನ್ನೊಂದರಲ್ಲಿ ಬೆಸಸಂಖ್ಯೆ ಇದ್ದರೆ ಎರಡೂ ಒಂದಕ್ಕೊಂದು ಉಲ್ಟಾ ಆಗಿಬಿಡುತ್ತವೆ. ತಮಾಷೆ ಅಂದರೆ, 60ರ ದಶಕದ ಬ್ಲ್ಯಾಕ್‌ಫೇಸ್ (ಕಪ್ಪು ಪ್ಯಾನೆಲ್‌ನ) ಫೆಂಡರ್‌ಗಳಲ್ಲಿ ರಿವರ್ಬ್ (ಪ್ರತಿಧ್ವನಿ) ಇರುವವುಗಳಲ್ಲಿ ಒಂದೇ ಆಂಪಿನ ನಾರ್ಮಲ್ ಚಾನೆಲ್, ವೈಬ್ರಾಟೊ ಚಾನೆಲ್ ಒಂದಕ್ಕೊಂದು ಉಲ್ಟಾ! ವೈಬ್ರಾಟೊ ಕಡೆ ರಿವರ್ಬ್‌ಗಾಗಿ ಒಂದು ಸ್ಟೇಜ್ ಜಾಸ್ತಿ ಇದೆ. ನಿಮ್ಮ ಫೆಂಡರ್ ಆ ತರಹದ್ದಾಗಿದ್ದರೆ ಇವತ್ತೇ ಕೇಬಲ್ ಕಿತ್ತು ಪಕ್ಕದ ಚಾನೆಲ್‌ಗೆ ಚುಚ್ಚಿ ನೋಡಿ. ಒಂದು ರೂಪಾಯಿ ಖರ್ಚಿಲ್ಲ.

ಪರೀಕ್ಷೆ ಮಾಡುವುದು ಹೀಗೆ. ಎರಡೂ ಆಂಪ್ ಅಕ್ಕಪಕ್ಕ ಅಂಟಿಸಿ ಇಡಿ, ಮುಖ ಒಂದೇ ಕಡೆ ಇರಲಿ, ವಾಲ್ಯೂಮ್ ಸಮ ಇರಲಿ. ಎದುರಿಗೆ ಆರೇಳು ಅಡಿ ದೂರ ನಿಂತು ಎಲ್ಲಕ್ಕಿಂತ ದಪ್ಪನೆಯ ಇ ತಂತಿ ಬಾರಿಸಿ. ಆಮೇಲೆ ಒಂದು ಆಂಪನ್ನು ಸ್ಟ್ಯಾಂಡ್‌ಬೈಗೆ ಹಾಕಿ ಮತ್ತೆ ಬಾರಿಸಿ. ಒಂದು ನಿಂತಾಗಲೇ ಬೇಸ್ ಜಾಸ್ತಿ ಅನಿಸಿದರೆ ಅನುಮಾನವೇ ಬೇಡ, ಉಲ್ಟಾ ಇವೆ. ಸರಿಹೋದಾಗ ಕೇಳಿ ತಿಳಿಯಬೇಕಾಗಿಲ್ಲ, ಪ್ಯಾಂಟಿನ ಬಟ್ಟೆಯೇ ಅಲುಗುತ್ತದೆ.

ಇನ್ನು ಆ ಗುಂಯ್. ಎರಡೂ ಆಂಪ್‌ಗೆ ತ್ರೀ ಪಿನ್‌ನಿಂದ ಅರ್ಥಿಂಗ್ ಬರುತ್ತದೆ. ನಿಮ್ಮ ವೈ ಕೇಬಲ್ ಎರಡರ ಗ್ರೌಂಡನ್ನೂ ಮತ್ತೊಂದು ದಾರಿಯಲ್ಲಿ ಜೋಡಿಸಿಬಿಡುತ್ತದೆ. ಅಲ್ಲೊಂದು ಸುತ್ತು ಆಯ್ತು. ನಮ್ಮ ಮೇನ್ಸ್ ಕರೆಂಟ್ 50 ಹರ್ಟ್ಸ್, ಆ ಸುತ್ತಿನಲ್ಲಿ ಅದೇ ಹಾಡುತ್ತದೆ. ಮೊದಲು ಎರಡೂ ಆಂಪನ್ನು ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ, ಸ್ವಲ್ಪ ಕಮ್ಮಿಯಾಗಬಹುದು. ಪೂರ್ತಿ ಹೋಗಬೇಕಾದರೆ ಒಳಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ (ಎರಡರ ಗ್ರೌಂಡನ್ನು ಬೇರ್ಪಡಿಸುವಂಥದ್ದು) ಇರುವ ಎಬಿವೈ ಬಾಕ್ಸ್ ಅಥವಾ ಸ್ಪ್ಲಿಟರ್, ಅಂದರೆ ಒಂದು ಗಿಟಾರನ್ನು ಎರಡು ಆಂಪ್‌ಗೆ ಹಂಚುವ ಡಬ್ಬಿ ಬೇಕು. ರೇಡಿಯಲ್ ಬಿಗ್‌ಶಾಟ್, ಲೇಲೆ ಪಿ-ಸ್ಪ್ಲಿಟ್ ಈ ಜಾತಿಯವು. ಇವುಗಳಲ್ಲಿ ಫೇಸ್ ತಿರುಗಿಸುವ, ಅಂದರೆ ಉಲ್ಟಾ ಸಿಗ್ನಲ್ಲನ್ನು ಸೀದಾ ಮಾಡುವ ಸ್ವಿಚ್ಚೂ ಇರುತ್ತದೆ. ಅಂದರೆ ನಿಮ್ಮ ಎರಡೂ ತಲೆನೋವಿಗೆ ಒಂದೇ ಡಬ್ಬಿ. ಬರೀ ವೈ ಕೇಬಲ್‌ಗೆ ನಾನಂತೂ ಇನ್ನು ದುಡ್ಡು ಹಾಕುವುದಿಲ್ಲ.

ಒಂದು ಮಾತ್ರ ಮಾಡಬೇಡಿ. ಹಮ್, ಅಂದರೆ ಆ ಗುಂಯ್, ಹೋಗುತ್ತದೆ ಅಂತ ಯಾರೋ ಒಬ್ಬರು ಖಂಡಿತ ಹೇಳುತ್ತಾರೆ, ಒಂದು ಆಂಪಿನ ಅರ್ಥ್ ಪಿನ್ ತೆಗೆದುಬಿಡಿ ಅಂತ. ಹಮ್ ಹೋಗುತ್ತದೆ ನಿಜ, ಜೊತೆಗೆ ನೀವೂ ಹೋಗಬಹುದು. ಸ್ಟೋನ್ ದ ಕ್ರೋಸ್ ಬ್ಯಾಂಡಿನ ಗಿಟಾರಿಸ್ಟ್ ಲೆಸ್ಲಿ ಹಾರ್ವೆ 1972ರಲ್ಲಿ ವೇಲ್ಸ್‌ನ ಸ್ವಾನ್ಸಿಯಲ್ಲಿ ಸ್ಟೇಜ್ ಮೇಲೆ ಮೈಕ್ ಮುಟ್ಟಿ ಸತ್ತಿದ್ದು ಅರ್ಥಿಂಗ್ ಸರಿಯಿಲ್ಲದೆ. ನನಗೂ ಒಂದು ಮದುವೆ ಹಾಲ್‌ನಲ್ಲಿ ಮೈಕ್‌ಗೆ ತುಟಿ ತಾಗಿ ಹೊಡೆದಿದೆ. ಸೂಜಿ ಚುಚ್ಚಿದ ಹಾಗಲ್ಲ, ಯಾರೋ ಬಾಯಿಗೇ ಗುದ್ದಿದ ಹಾಗೆ. ಆಮೇಲೆ ನೋಡಿದರೆ ಬೋರ್ಡಿನ ಪ್ಲಗ್‌ನಲ್ಲಿ ಮೇಲಿನ ದಪ್ಪ ಅರ್ಥ್ ಪಿನ್ನೇ ಇರಲಿಲ್ಲ.

ಸರಿ, ಈಗ ಸೌಂಡಿಗೆ ಬರೋಣ. ಎರಡು ಆಂಪ್ ಅಂದರೆ ಎರಡರಷ್ಟು ಜೋರು ಅಂತ ಅಂದುಕೊಳ್ಳಬೇಡಿ. ಪವರ್ ಎರಡರಷ್ಟಾದರೆ ಏರುವುದು 3 ಡೆಸಿಬಲ್, ಕಿವಿಗೆ ಅದು ಅಷ್ಟೇನೂ ದೊಡ್ಡ ವ್ಯತ್ಯಾಸವಲ್ಲ. ತುಂಬಿದ ಹಾಗೆ ಕೇಳಿಸುವುದು ಎರಡರ ಗುಣ ಬೇರೆ ಇರುವುದರಿಂದ. ನಮ್ಮೂರ ಮದುವೆಯಲ್ಲಿ ಇಬ್ಬರು ಓಲಗದವರು ಒಟ್ಟಿಗೆ ಊದುವುದನ್ನು ಕೇಳಿದ್ದೀರಲ್ವಾ? ಸ್ವರ ಒಂದೇ, ಉಸಿರು ಎರಡು. ಫೆಂಡರ್‌ನಲ್ಲಿ ಮಿಡ್ (ನಡುವಿನ ಸ್ವರಗಳು) ತಗ್ಗಿರುತ್ತದೆ, ಬೇಸ್ ಮತ್ತು ಟ್ರೆಬಲ್ ಮಿನುಗುತ್ತವೆ. ಮಾರ್ಷಲ್ ಆ ತಗ್ಗಿನಲ್ಲೇ ಬಂದು ಕೂರುತ್ತದೆ. ಅಮೆರಿಕದ ಬ್ಲೂಸ್ ಗಿಟಾರಿಸ್ಟ್ ಸ್ಟೀವಿ ರೇ ವಾನ್ ಫೆಂಡರ್‌ನ ವೈಬ್ರೊವರ್ಬ್, ಸೂಪರ್ ರಿವರ್ಬ್, ಜೊತೆಗೆ ಡಂಬಲ್ ಅನ್ನುವ ಬೇರೆ ಕಂಪನಿಯ ಆಂಪ್ ಎಲ್ಲ ಒಟ್ಟಿಗೆ ಓಡಿಸುತ್ತಿದ್ದರು.

ನಾನು ಫೆಂಡರನ್ನು ಪೂರ್ತಿ ಕ್ಲೀನ್ ಇಡುತ್ತೇನೆ. ಪೆಟ್ಟು, ಸ್ವರದ ಸ್ಪಷ್ಟತೆ ಅದರದ್ದು. ಮಾರ್ಷಲ್‌ನಲ್ಲಿ ಬೇಸ್ 3ಕ್ಕೆ ಇಳಿಸುತ್ತೇನೆ. ಅದರ ಗೇನ್ ಒಂಟಿಯಾಗಿ ಬಾರಿಸುವಾಗ ಎಷ್ಟು ಬೇಕೋ ಅದರ ಅರ್ಧಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಎರಡರಲ್ಲೂ ಡಿಸ್ಟಾರ್ಷನ್ ಏರಿಸಿದರೆ ಕೆಸರು. ಇದು ನನ್ನ ರುಚಿ, ಮೆಟಲ್ ಬಾರಿಸುವವರು ಒಪ್ಪಲಿಕ್ಕಿಲ್ಲ.

ಮುಂದೆ ಯಾವಾಗಲಾದರೂ ಒಂದರ ಬದಲು ಡಿಜಿಟಲ್ ಮಾಡೆಲಿಂಗ್ ಆಂಪ್ (ಬೇರೆ ಆಂಪಿನ ಸದ್ದನ್ನು ಚಿಪ್‌ನಲ್ಲಿ ಅನುಕರಿಸುವಂಥದ್ದು) ತಂದರೆ ಹುಷಾರು. ಅದು ಲೆಕ್ಕ ಹಾಕಿ ಸದ್ದು ಬಿಡುವಷ್ಟರಲ್ಲಿ ಒಂದೆರಡು ಮಿಲಿಸೆಕೆಂಡ್ ತಡವಾಗಿರುತ್ತದೆ. 1 ಮಿಲಿಸೆಕೆಂಡ್ ತಡವಾದರೆ ಸಾಕು, 500 ಹರ್ಟ್ಸ್‌ನಲ್ಲಿ ಗುಂಡಿ ಬೀಳುತ್ತದೆ, ಅಂದರೆ ಅಲ್ಲಿನ ಸ್ವರ ಸತ್ತುಹೋಗುತ್ತದೆ. ಫೇಸ್ ಸ್ವಿಚ್ ಇದನ್ನು ಸರಿಮಾಡುವುದಿಲ್ಲ. ಟ್ಯೂಬ್ ಆಂಪನ್ನು ಒಂದಡಿ ಹಿಂದೆ ಜರುಗಿಸಿ ನೋಡಿ, 1 ಮಿಲಿಸೆಕೆಂಡಿಗೆ ಸದ್ದು ಹೋಗುವುದು ಸುಮಾರು 34 ಸೆಂಟಿಮೀಟರ್.

ಹಾಂ, ಎರಡು ಆಂಪಿನ ಸ್ಪೀಕರ್ ಔಟ್ ತಂದು ಒಂದೇ ಸ್ಪೀಕರಿಗೆ ಕಟ್ಟಬೇಡಿ. ಆಗ ಮಾತ್ರ ಆಂಪ್ ನಿಜವಾಗಿ ಕೆಡುತ್ತದೆ.